ಒಂದೇ ಗಡಿಯಾರದಲ್ಲಿ ಎರಡು ಎದೆಬಡಿತ

ತಪಾಸಣೆಗೆ ಬಂದ ಗರ್ಭಿಣಿಗೆ ಸಾಮಾನ್ಯವಾಗಿ ತೆಗೆಯುವ 20 ನಿಮಿಷದ ಸಿಟಿಜಿ (ಮಗುವಿನ ಎದೆಬಡಿತ ಮತ್ತು ಗರ್ಭಕೋಶದ ಬಿಗಿತದ ದಾಖಲೆ) ನಮ್ಮ ಅಧ್ಯಯನಕ್ಕೆ ಸಾಲದು. ತಾಯಿಯ ಆತಂಕ, ಖಿನ್ನತೆ, ನಿದ್ರೆಗೂ ಹೊಟ್ಟೆಯೊಳಗಿನ ಮಗುವಿನ ನರವ್ಯೂಹದ ಬೆಳವಣಿಗೆಗೂ ಇರುವ ನಂಟನ್ನು ಅಳೆಯುವಾಗ ನಾವು 50 ನಿಮಿಷ ದಾಖಲಿಸುತ್ತೇವೆ. ದಿನ ತುಂಬುತ್ತಿರುವ ಮಗು ಒಮ್ಮೆ ಶಾಂತ ನಿದ್ರೆಗೆ ಜಾರಿದರೆ 20ರಿಂದ 40 ನಿಮಿಷ ಹೆಚ್ಚು ಅಲುಗುವುದಿಲ್ಲ. ಆಗ ಎದೆಬಡಿತದ ಏರಿಳಿತವೂ ಕುಗ್ಗುತ್ತದೆ. ಆ ತುಣುಕನ್ನಷ್ಟೇ ಹಿಡಿದು 'ಆತಂಕದ ತಾಯಿಯ ಮಗುವಿನ ಏರಿಳಿತ ಕಡಿಮೆ' ಎಂದು ಬರೆದರೆ ನಾವು ಅಳೆದದ್ದು ಮಗುವಿನ ನಿದ್ದೆಯನ್ನು ಮಾತ್ರ.

ಮೊದಲು ಗರ್ಭದ ವಯಸ್ಸು ಖಚಿತವಾಗಿರಬೇಕು. ತಿಂಗಳು ಕಳೆದಂತೆ ಮಗುವಿನ ಎದೆಬಡಿತದ ಬೇಸ್‌ಲೈನ್, ಅಂದರೆ ಏರಿಳಿತಗಳ ನಡುವೆ ಅದು ನಿಲ್ಲುವ ಸರಾಸರಿ ಮಟ್ಟ, ನಿಧಾನವಾಗಿ ಇಳಿಯುತ್ತದೆ, ಏರಿಳಿತ ಹೆಚ್ಚುತ್ತದೆ. ವಯಸ್ಸಿನ ಲೆಕ್ಕದಲ್ಲಿ ಎರಡು ವಾರ ತಪ್ಪಿದರೆ, ನಾವು ಹುಡುಕುತ್ತಿರುವ ಸಣ್ಣ ವ್ಯತ್ಯಾಸ ಆ ತಪ್ಪಿನೊಳಗೇ ಮುಳುಗಿಹೋಗುತ್ತದೆ. ಆದ್ದರಿಂದ ಮುಟ್ಟಿನ ತಾರೀಕೊಂದನ್ನೇ ನಂಬುವುದಿಲ್ಲ. 11ರಿಂದ 14 ವಾರದ ಒಳಗಿನ ಸ್ಕ್ಯಾನ್‌ನಲ್ಲಿ ಮಗುವಿನ ನೆತ್ತಿಯಿಂದ ಪೃಷ್ಠದವರೆಗಿನ ಉದ್ದ 45ರಿಂದ 84 ಮಿಲಿಮೀಟರ್ ನಡುವೆ ಇದ್ದಾಗ ಅಳೆದ ಲೆಕ್ಕವಿದ್ದವರನ್ನು ಮಾತ್ರ ಸೇರಿಸಿಕೊಳ್ಳುತ್ತೇವೆ.

ದಾಖಲೆಯ ಹೊತ್ತು ಎಲ್ಲರಿಗೂ ಒಂದೇ. ಮಗುವಿನ ಮಿಸುಕಾಟಕ್ಕೆ ದಿನದ ಲಯವಿದೆ, ಸಂಜೆಯಿಂದಾಚೆಗೆ ಅದು ಹೆಚ್ಚು. ಬೆಳಗ್ಗೆ ಬಂದವರನ್ನು ಸಂಜೆ ಬಂದವರೊಂದಿಗೆ ಹೋಲಿಸುವಂತಿಲ್ಲ. ಊಟವಾಗಿ ಎಷ್ಟು ಹೊತ್ತಾಯಿತು, ಕಾಫಿ ಕುಡಿದರೇ, ಮನೆಯಲ್ಲಿ ತಂಬಾಕಿನ ಹೊಗೆ ಇದೆಯೇ, ಯಾವ ಔಷಧ ನಡೆಯುತ್ತಿದೆ ಎಂದು ಕೇಳಿ ಬರೆದುಕೊಳ್ಳುತ್ತೇವೆ. ಔಷಧದ ಪ್ರಶ್ನೆಯಲ್ಲಿ ಅವಸರ ಸಲ್ಲದು. ಮಗುವಿನ ಶ್ವಾಸಕೋಶ ಬಲಿಯಲೆಂದು ಕೊಡುವ ಬೀಟಾಮೆಥಾಸೋನ್ ಇಂಜೆಕ್ಷನ್ ಎರಡು ಮೂರು ದಿನ ಏರಿಳಿತವನ್ನೂ ಮಿಸುಕಾಟವನ್ನೂ ತಗ್ಗಿಸುತ್ತದೆ. ಅದನ್ನು ಪಡೆದವರನ್ನು ಒಂದು ವಾರ ಮುಂದಕ್ಕೆ ಹಾಕುತ್ತೇವೆ. ಗರ್ಭಿಣಿಗೆ ಫಿಟ್ಸ್ ಬಾರದಂತೆ ಕೊಡುವ ಮೆಗ್ನೀಸಿಯಮ್ ಸಲ್ಫೇಟ್ ಕೂಡ ಏರಿಳಿತ ಕುಗ್ಗಿಸುತ್ತದೆ. ತಾಯಿಗೆ ಜ್ವರವಿದ್ದರೆ ಮಗುವಿನ ಬೇಸ್‌ಲೈನ್ ಏರುತ್ತದೆ, ಅಂದು ಅಧ್ಯಯನದ ದಾಖಲೆ ಬೇಡ, ವೈದ್ಯರ ತಪಾಸಣೆ ಬೇಕು.

ತಾಯಿಯನ್ನು ಅಂಗಾತ ಮಲಗಿಸುವುದಿಲ್ಲ. ತುಂಬಿದ ಗರ್ಭಕೋಶ ಹಿಂದಿನ ದೊಡ್ಡ ರಕ್ತನಾಳಗಳನ್ನು ಒತ್ತುತ್ತದೆ, ತಾಯಿಗೆ ತಲೆಸುತ್ತು ಬರಬಹುದು, ಮಗುವೂ ಶಾಂತ ಸ್ಥಿತಿಗೆ ಹೊರಳುವ ಸಾಧ್ಯತೆ ಹೆಚ್ಚು. ಎಡಮಗ್ಗುಲಿಗೆ ಮಲಗಿಸಿ ಬೆನ್ನಿಗೆ ದಿಂಬು ಕೊಡುತ್ತೇವೆ. ಮಗ್ಗುಲು ಬದಲಿಸಿದರೆ ಆ ನಿಮಿಷವನ್ನು ಗುರುತು ಮಾಡುತ್ತೇವೆ. ಮಲಗುವ ಮುನ್ನ ಮೂತ್ರಕ್ಕೆ ಹೋಗಿಬರಲು ಹೇಳುವುದನ್ನು ಮರೆತರೆ 30ನೇ ನಿಮಿಷಕ್ಕೆ ದಾಖಲೆ ನಿಂತಂತೆಯೇ.

ಬೆಲ್ಟ್ ಕಟ್ಟುವ ಮೊದಲು ಹೊಟ್ಟೆಯನ್ನು ಕೈಯಿಂದ ಮುಟ್ಟಿ ಮಗುವಿನ ಬೆನ್ನು ಯಾವ ಕಡೆಗಿದೆ ಎಂದು ತಿಳಿಯಬೇಕು. ಎದೆಬಡಿತ ಸ್ಪಷ್ಟವಾಗಿ ಸಿಗುವುದು ಬೆನ್ನಿನ ಕಡೆಯಿಂದ. ಅಲ್ಲಿ ಜೆಲ್ ಹಚ್ಚಿ, ಶಬ್ದತರಂಗದಿಂದ ಎದೆಬಡಿತ ಹಿಡಿಯುವ ಡಾಪ್ಲರ್ ಪ್ರೋಬ್ ಇಡುತ್ತೇವೆ. ಕುದುರೆ ಓಡಿದಂತೆ ಗಟ್ಟಿಯಾದ ಎರಡು ಏಟಿನ ಸದ್ದು ಬಂದರೆ ಅದು ಹೃದಯ. ಬೀಸುವ ಗಾಳಿಯಂಥ ಸದ್ದು ಬಂದರೆ ಯಾವುದೋ ರಕ್ತನಾಳ, ಪ್ರೋಬ್ ಸರಿಸಬೇಕು. ಗರ್ಭಕೋಶದ ಬಿಗಿತ ಗುರುತಿಸುವ ಟೋಕೋ ಪ್ರೋಬ್ ಅದರ ಮೇಲ್ತುದಿಯ ಹತ್ತಿರ ಕೂರುತ್ತದೆ, ಅದಕ್ಕೆ ಜೆಲ್ ಹಚ್ಚಬಾರದು, ಜಾರುತ್ತದೆ. ಟೋಕೋ ತೋರಿಸುವುದು ಬಿಗಿತ ಯಾವಾಗ ಶುರುವಾಗಿ ಯಾವಾಗ ಮುಗಿಯಿತು ಎಂಬುದನ್ನಷ್ಟೇ. ಗೆರೆಯ ಎತ್ತರವನ್ನು ಒತ್ತಡದ ಅಳತೆಯೆಂದು ಓದಬಾರದು, ಬೆಲ್ಟ್ ಸ್ವಲ್ಪ ಬಿಗಿದರೂ ಅದು ಬದಲಾಗುತ್ತದೆ.

ಎಲ್ಲಕ್ಕಿಂತ ನಮ್ಮನ್ನು ಎಚ್ಚರದಲ್ಲಿಡುವ ತಪ್ಪೆಂದರೆ ತಾಯಿಯ ನಾಡಿಯನ್ನು ಮಗುವಿನ ಎದೆಬಡಿತವೆಂದು ದಾಖಲಿಸಿಬಿಡುವುದು. ಮಗು ಸರಿದಾಗ ಪ್ರೋಬ್‌ಗೆ ತಾಯಿಯ ರಕ್ತನಾಳ ಸಿಗುತ್ತದೆ, ಯಂತ್ರ ಬಿಡುವಿಲ್ಲದೆ ಅದನ್ನೇ ಬರೆಯುತ್ತದೆ. ತಾಯಿಯ 75 ಬಡಿತವನ್ನು ಯಂತ್ರ ಎರಡೆರಡು ಬಾರಿ ಎಣಿಸಿದರೆ ಪರದೆಯ ಮೇಲೆ 150 ಕಾಣುತ್ತದೆ. ಮಗುವಿನ ಸಾಮಾನ್ಯ ಬೇಸ್‌ಲೈನ್ 110ರಿಂದ 160 ಆಗಿರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಇದಕ್ಕೇ ತಾಯಿಯ ಬೆರಳಿಗೆ ಪಲ್ಸ್ ಆಕ್ಸಿಮೀಟರ್, ಎದೆಗೆ ಇಸಿಜಿ ಎರಡನ್ನೂ ಉದ್ದಕ್ಕೂ ಇಡುತ್ತೇವೆ. ಮಗುವಿನದೆಂದು ಬಂದ ಗೆರೆ ತಾಯಿಯ ಬಡಿತಕ್ಕೆ, ಅಥವಾ ಅದರ ಎರಡರಷ್ಟಕ್ಕೆ, 5 ಬಡಿತದ ಅಂತರದೊಳಗೆ 30 ಸೆಕೆಂಡಿಗಿಂತ ಹೆಚ್ಚು ಕಾಲ ಅಂಟಿಕೊಂಡಿದ್ದರೆ ನಮ್ಮ ಪ್ರೋಗ್ರಾಮ್ ಗುರುತು ಹಾಕುತ್ತದೆ. ಆ ಭಾಗವನ್ನು ಮನುಷ್ಯರೇ ಮತ್ತೊಮ್ಮೆ ನೋಡುತ್ತಾರೆ.

ಈ ಹೋಲಿಕೆ ನಿಲ್ಲುವುದು ಗಡಿಯಾರದ ಮೇಲೆ. ಸಿಟಿಜಿಗೂ ಇಸಿಜಿಗೂ ಬೇರೆ ಬೇರೆ ಗಡಿಯಾರಗಳಿರುತ್ತವೆ, 50 ನಿಮಿಷದಲ್ಲಿ ಅವು ಪರಸ್ಪರ ಸರಿಯಬಹುದು. ಆರಂಭದಲ್ಲೊಮ್ಮೆ, ಕೊನೆಯಲ್ಲೊಮ್ಮೆ ಎರಡೂ ಯಂತ್ರಗಳ ಗುರುತು ಬಟನ್ ಒಟ್ಟಿಗೆ ಒತ್ತುತ್ತೇವೆ. ಎರಡು ಗುರುತುಗಳ ನಡುವಿನ ಅವಧಿ ಎರಡರಲ್ಲೂ ಒಂದೇ ಇರಬೇಕು, ಇಲ್ಲದಿದ್ದರೆ ಅಷ್ಟು ಸರಿಪಡಿಸಿಯೇ ಮುಂದಿನ ಲೆಕ್ಕ. 'ತಾಯಿಯ ಬಡಿತ ಏರಿದ ಇಷ್ಟು ಸೆಕೆಂಡಿಗೆ ಮಗು ಪ್ರತಿಕ್ರಿಯಿಸಿತು' ಎಂದು ಹೇಳಹೊರಟವರು ಈ ಒಂದು ಹೆಜ್ಜೆ ಬಿಟ್ಟರೆ ಗಡಿಯಾರದ ತಪ್ಪನ್ನೇ ಶರೀರದ ನಿಯಮವೆಂದು ಪ್ರಕಟಿಸಿದಂತೆ.

ಸಿಗ್ನಲ್ ಕಡಿದ ಜಾಗಗಳಿಗೆ ಏನು ಮಾಡಬೇಕು? ನೇರ ಗೆರೆ ಎಳೆದು ತುಂಬುವವರಿದ್ದಾರೆ. ನೇರ ಗೆರೆಯಲ್ಲಿ ಏರಿಳಿತವೇ ಇಲ್ಲ, ಹಾಗೆ ತುಂಬಿದಷ್ಟೂ ಮಗು ಸುಳ್ಳೇ ಶಾಂತವಾಗಿ ಕಾಣುತ್ತದೆ. ಹಾಗೆಂದು ಕಡಿದ ಭಾಗವನ್ನು ಬಿಟ್ಟುಬಿಟ್ಟರೂ ಪೂರ್ತಿ ಸರಿಯಾಗುವುದಿಲ್ಲ. ಸಿಗ್ನಲ್ ಹೆಚ್ಚಾಗಿ ಕಡಿಯುವುದು ಮಗು ಒದ್ದು ಹೊರಳಿದಾಗ, ಅಂದರೆ ಎದೆಬಡಿತ ಏರುವ ಹೊತ್ತಿನಲ್ಲೇ. ತೂಕ ಹೆಚ್ಚಿರುವ ತಾಯಂದಿರಲ್ಲಿ, ಇನ್ನೂ ಸಣ್ಣ ಮಗುವಿನಲ್ಲಿ ಕಡಿತ ಇನ್ನಷ್ಟು. ಆದ್ದರಿಂದ ನಾವು ಖಾಲಿಯನ್ನು ಖಾಲಿಯಾಗಿಯೇ ಇಡುತ್ತೇವೆ, ಒಟ್ಟು ಕಡಿತ 20 ಶೇಕಡ ಮೀರಿದರೆ ಆ ದಾಖಲೆಯನ್ನು ವಿಶ್ಲೇಷಣೆಗೆ ತೆಗೆದುಕೊಳ್ಳುವುದಿಲ್ಲ, ಮತ್ತು ಕಡಿತದ ಪ್ರಮಾಣವನ್ನು ಆತಂಕವಿರುವ, ಇಲ್ಲದ ತಾಯಂದಿರ ಎರಡೂ ಗುಂಪುಗಳಿಗೆ ಬೇರೆ ಬೇರೆಯಾಗಿ ವರದಿ ಮಾಡುತ್ತೇವೆ. ಆತಂಕದ ಗುಂಪಿನಲ್ಲಿ ಕಡಿತ ಹೆಚ್ಚಿದ್ದರೆ ಓದುವವರಿಗೆ ಅದು ಗೊತ್ತಾಗಲೇಬೇಕು.

ಇನ್ನೊಂದು ಗೊಂದಲ ಏರಿಳಿತದ ಹೆಸರಿನಲ್ಲೇ ಇದೆ. ಸಿಟಿಜಿಯನ್ನು ಕಂಪ್ಯೂಟರ್‌ನಿಂದ ಓದಿಸಲು ಆಕ್ಸ್‌ಫರ್ಡ್‌ನಲ್ಲಿ ರೂಪುಗೊಂಡ ಡಾಸ್–ರೆಡ್‌ಮನ್ ಪದ್ಧತಿ ಒಂದು ನಿಮಿಷವನ್ನು 3.75 ಸೆಕೆಂಡಿನ 16 ಭಾಗಗಳಾಗಿ ಒಡೆಯುತ್ತದೆ. ನಿಮಿಷಕ್ಕೆ 140 ಬಡಿತವಿದ್ದರೆ ಒಂದೊಂದು ಭಾಗದಲ್ಲಿ ಎಂಟೊಂಬತ್ತು ಬಡಿತಗಳ ಸರಾಸರಿ ಸೇರಿರುತ್ತದೆ. ಬಡಿತದಿಂದ ಬಡಿತಕ್ಕೆ ಅಳೆದ ಇಸಿಜಿಯ ಸಂಖ್ಯೆಯೊಂದಿಗೆ ಇದನ್ನು ಒಂದೇ ಕೋಷ್ಟಕದಲ್ಲಿ ಕೂರಿಸಬಾರದು. ಬಡಿತದಿಂದ ಬಡಿತದ ಲೆಕ್ಕವೇ ಬೇಕಿದ್ದರೆ ತಾಯಿಯ ಹೊಟ್ಟೆಯ ಮೇಲೆ ಎಲೆಕ್ಟ್ರೋಡ್ ಅಂಟಿಸಿ ಮಗುವಿನ ಇಸಿಜಿ ತೆಗೆಯಬಹುದು. ಚರ್ಮವನ್ನು ಹಗುರವಾಗಿ ಉಜ್ಜಿ ಒರೆಸಿ ಸಿದ್ಧಮಾಡದೆ ಸಿಗ್ನಲ್ ಬಾರದು. ಆದರೆ ಸುಮಾರು 28ರಿಂದ 34 ವಾರದ ನಡುವೆ ಮಗುವಿನ ಮೈಗೆ ಮೆತ್ತಿಕೊಳ್ಳುವ ಬಿಳಿ ಲೇಪ ವಿದ್ಯುತ್ತನ್ನು ತಡೆಯುತ್ತದೆ. ಆ ವಾರಗಳಲ್ಲಿ ನಾವು ಡಾಪ್ಲರ್‌ಗೇ ಮರಳುತ್ತೇವೆ.

ಮನಸ್ಸಿನ ಪ್ರಶ್ನಾವಳಿಯನ್ನು ಬೆಲ್ಟ್ ಕಟ್ಟಿದ ಮೇಲೆ ಕೇಳುವುದಿಲ್ಲ. ಉತ್ತರಿಸುವಾಗ ತಾಯಿಯ ನಾಡಿ, ಉಸಿರು, ದನಿ ಎಲ್ಲವೂ ಬದಲಾಗುತ್ತವೆ, ಕೊನೆಯ ತಿಂಗಳುಗಳಲ್ಲಿ ಮಗುವಿಗೆ ಆ ದನಿ ಕೇಳಿಸುತ್ತದೆ ಕೂಡ. ದಾಖಲೆ ಮುಗಿದು, ಜೆಲ್ ಒರೆಸಿ, ಎದ್ದು ಕೂತು ನೀರು ಕುಡಿದ ಮೇಲೆ, ಮನೆಯವರು ಯಾರೂ ಇಲ್ಲದ ಕೋಣೆಯಲ್ಲಿ ಕೊಡುತ್ತೇವೆ. 1987ರಲ್ಲಿ ಪ್ರಕಟವಾದ, ಖಿನ್ನತೆ ಗುರುತಿಸುವ ಎಡಿನ್‌ಬರ್ಗ್ ಮಾಪಕ ಬಾಣಂತಿಯರಿಗಾಗಿ ರೂಪುಗೊಂಡದ್ದು, ಗರ್ಭಿಣಿಯರಿಗೂ ಬಳಕೆಯಲ್ಲಿದೆ. ಕಳೆದ ಏಳು ದಿನಗಳ ಬಗ್ಗೆ ಹತ್ತು ಪ್ರಶ್ನೆ, ಒಟ್ಟು 30 ಅಂಕ. ಹತ್ತನೆಯದು ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಹಾಳೆಗಳನ್ನು ತಿಂಗಳ ಕೊನೆಗೆ ಒಟ್ಟಾಗಿ ಲೆಕ್ಕ ಹಾಕುವ ಪದ್ಧತಿಯನ್ನು ನಾವು ಒಪ್ಪುವುದಿಲ್ಲ. ತಾಯಿ ಕೋಣೆ ಬಿಡುವ ಮೊದಲೇ ಹತ್ತನೆಯ ಉತ್ತರ ನೋಡುತ್ತೇವೆ. ಅದು ಸೊನ್ನೆಯಲ್ಲದಿದ್ದರೆ ಒಟ್ಟು ಅಂಕ ಎಷ್ಟೇ ಇರಲಿ, ಅಂದೇ ಮನೋವೈದ್ಯರೊಂದಿಗೆ ಮಾತನಾಡಿಸುತ್ತೇವೆ, ಒಂಟಿಯಾಗಿ ಕಳಿಸುವುದಿಲ್ಲ.

ಮಗುವಿನ ವಿಷಯದಲ್ಲೂ ಇಂಥದೇ ನಿಯಮಗಳನ್ನು ಮೊದಲೇ ಬರೆದಿಟ್ಟುಕೊಂಡಿದ್ದೇವೆ. ಬೇಸ್‌ಲೈನ್ 10 ನಿಮಿಷಕ್ಕೂ ಹೆಚ್ಚು ಹೊತ್ತು 110ಕ್ಕಿಂತ ಕೆಳಗೆ ಅಥವಾ 160ಕ್ಕಿಂತ ಮೇಲೆ ನಿಂತರೆ, ಇಲ್ಲವೇ ಎದೆಬಡಿತದ ಒಂದು ಇಳಿತ 3 ನಿಮಿಷ ದಾಟಿದರೆ, ಅಧ್ಯಯನ ಅಲ್ಲಿಗೇ ನಿಲ್ಲುತ್ತದೆ, ಪ್ರಸೂತಿ ವೈದ್ಯರು ಬರುತ್ತಾರೆ. ಎರಡು ದಿನದಿಂದ ಮಗುವಿನ ಮಿಸುಕಾಟ ಕಡಿಮೆಯಾಗಿದೆ ಎಂದು ತಾಯಿ ಹೇಳಿದರೆ, ನಮ್ಮ ದಾಖಲೆ ಎಷ್ಟೇ ಚೆನ್ನಾಗಿ ಬಂದಿದ್ದರೂ ಅದನ್ನು ತೋರಿಸಿ ಸಮಾಧಾನ ಹೇಳಿ ಕಳಿಸುವುದಿಲ್ಲ. ಅವರು ನೇರವಾಗಿ ಹೆರಿಗೆ ವಿಭಾಗಕ್ಕೆ ಹೋಗುತ್ತಾರೆ, ನಮ್ಮಲ್ಲೊಬ್ಬರು ಜೊತೆಗೆ ಹೋಗುತ್ತಾರೆ.