ದಿನಗಳನ್ನು ಎಣಿಸುವ ಅಭ್ಯಾಸ ನಮ್ಮ ಸಭೆಯಲ್ಲಿ ನೆಲೆಗೊಂಡ ಬಗೆ

ಬೈಬಲಿನ ತೊಂಬತ್ತನೆಯ ಕೀರ್ತನೆಯ ಮೇಲೆ ಪ್ರಸಂಗ ಮಾಡದ ಉಪದೇಶಿ ನಮ್ಮ ಕ್ರೈಸ್ತ ಸಭೆಗಳಲ್ಲಿ ಯಾರೂ ಇರಲಾರರು. ಶವಸಂಸ್ಕಾರದಲ್ಲಿ ಅದನ್ನು ಓದುತ್ತೇವೆ, ಡಿಸೆಂಬರ್ 31ರ ರಾತ್ರಿಯ ಆರಾಧನೆಯಲ್ಲಿ ಓದುತ್ತೇವೆ, ಓದಿ ಮನೆಗೆ ಮರಳುತ್ತೇವೆ. ಅದರ ಹನ್ನೆರಡನೆಯ ವಚನದ ಬೇಡಿಕೆಯನ್ನು, ಅಂದರೆ ನಮ್ಮ ದಿನಗಳನ್ನು ಎಣಿಸಿಕೊಳ್ಳುವುದನ್ನು ಕಲಿಸು ಎಂಬುದನ್ನು, ಒಂದು ಸಭೆಯ ಕುಟುಂಬಗಳು ಪ್ರತಿ ವರ್ಷವೂ ಕೈಯಾರೆ ಮಾಡುವ ಕೆಲಸವಾಗಿಸಲು ನನಗೆ ಹತ್ತು ವರ್ಷಗಳಷ್ಟು ಹಿಡಿಯಿತು. ಇದು ನಡೆಯುವ ಮಾತಲ್ಲವೆಂದು ಸಭಾ ಹಿರಿಯರಲ್ಲಿ ಹೆಚ್ಚಿನವರು ಹೇಳಿದ್ದರು. ಈಗ ನಡೆಯುತ್ತಿದೆ, ಕರಾವಳಿಯ ಬೇರೆ ಕೆಲವು ಸಭೆಗಳವರೂ ಬಂದು ಕೇಳಿಕೊಂಡು ಹೋಗಿದ್ದಾರೆ. ಕೇಳಿದವರೆಲ್ಲರಿಗೂ ಒಂದೇ ಸಲ ಉತ್ತರವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಕೈಗೆತ್ತಿಕೊಂಡದ್ದು ವಾರಗಳ ಪಟವನ್ನು. ಕೀರ್ತನೆಯ ಹತ್ತನೆಯ ವಚನ ಮನುಷ್ಯನ ಆಯುಷ್ಯವೆಂದು ಹೇಳುವ ಎಪ್ಪತ್ತು ವರ್ಷವೆಂದರೆ ಸುಮಾರು 25,500 ದಿನ, ವಾರದ ಲೆಕ್ಕದಲ್ಲಿ 3,650ರ ಆಸುಪಾಸು. ಅಷ್ಟು ಚೌಕಗಳನ್ನು ದಪ್ಪ ಕಾಗದದ ಮೇಲೆ ಅಚ್ಚು ಹಾಕಿಸಿ ಮನೆಮನೆಗೆ ಕೊಟ್ಟು, ಕಳೆದ ವಾರಗಳನ್ನು ಮಸಿಯಿಂದ ತುಂಬಿರಿ ಎಂದು ಹೇಳಿದೆವು. ಸುಮಾರು 9,000 ರೂಪಾಯಿ ಖರ್ಚಾಯಿತು, ಅದರಲ್ಲಿ ಅರ್ಧ ನನ್ನದೇ. ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಪ್ರಾರ್ಥನಾ ಕೂಟದಲ್ಲಿ ಎಲ್ಲರ ಮುಂದೆ, “ಉಪದೇಶಿಯವರೇ, ನನ್ನ ಚೌಕಗಳೆಲ್ಲ ಮುಗಿದುಹೋದವಲ್ಲ, ಇನ್ನು ನಾನು ಏನು ಮಾಡಲಿ?” ಎಂದು ಕೇಳಿದರು. ಯುವಜನ ಸಂಘದ ಹುಡುಗರಿಗಾದರೋ ಖಾಲಿ ಚೌಕಗಳ ಸಾಲು ಸಾಲು ಕಂಡು ಧೈರ್ಯವೇ ಹೆಚ್ಚಿತು. ಲೂಕನ ಸುವಾರ್ತೆಯ ಹನ್ನೆರಡನೆಯ ಅಧ್ಯಾಯದ ಐಶ್ವರ್ಯವಂತನೂ ವರ್ಷಗಳನ್ನು ಎಣಿಸಿದವನೇ. ಅನೇಕ ವರ್ಷಗಳಿಗೆ ಸಾಕಾಗುವಷ್ಟು ಇದೆಯೆಂದು ಅವನು ತನಗೆ ತಾನೇ ಹೇಳಿಕೊಂಡ ರಾತ್ರಿಯೇ ಅವನ ಪ್ರಾಣವನ್ನು ಕೇಳಲಾಯಿತು. ಎಪ್ಪತ್ತು ವರ್ಷ ನಮ್ಮ ಹಕ್ಕೆಂದು ಹೇಳಿಕೊಡುವ ಪಟ ಆ ಮನುಷ್ಯನ ಕಣಜಕ್ಕಿಂತ ಬೇರೆಯಲ್ಲ. ಉಳಿದ ಪಟಗಳು ಸಭಾಭವನದ ಅಟ್ಟದ ಮೇಲಿವೆ.

ಎರಡನೆಯದು ಈಸ್ಟರ್‌ಗೆ ಮುಂಚಿನ ವಾರಗಳಾದ ಶ್ರಮಕಾಲದ ಬೋಧನಾ ಸರಣಿ. ಯೆಶಾಯನ ನಲವತ್ತನೆಯ ಅಧ್ಯಾಯದ ಹುಲ್ಲು, ಯೋಬನ ಮಗ್ಗದ ಲಾಳಿ, ಯಾಕೋಬನು ತನ್ನ ಪತ್ರಿಕೆಯಲ್ಲಿ ಹೇಳಿದ ಹಬೆ, ಹೀಗೆ ಬಾಳು ಎಷ್ಟು ಅಲ್ಪವೆಂದು ಹೇಳುವ ಬೈಬಲಿನ ಹೋಲಿಕೆಗಳನ್ನು ವಾರಕ್ಕೊಂದರಂತೆ ಎತ್ತಿಕೊಂಡೆವು. ನಾಲ್ಕನೆಯ ವಾರದ ಹೊತ್ತಿಗೆ ಹಾಜರಿ ಮೂರರಲ್ಲಿ ಒಂದು ಪಾಲು ಇಳಿದಿತ್ತು, ಕಾಣಿಕೆಯೂ ಇಳಿಯಿತು. ಖಜಾಂಚಿಯವರು ಲೆಕ್ಕದ ಪುಸ್ತಕವನ್ನೇ ಸಮಿತಿಯ ಮುಂದೆ ತಂದಿಟ್ಟರು. ಆ ವರ್ಷ ಮನೆಯಲ್ಲಿ ಸಾವು ಕಂಡವರೇ ಮೊದಲು ಬರುವುದನ್ನು ನಿಲ್ಲಿಸಿದ್ದರು. “ಬರುವಾಗ ಬರಲಿ, ಅದನ್ನು ಕರೆದು ಮಣೆ ಹಾಕುವುದೇಕೆ?” ಎಂದು ಒಬ್ಬ ಹಿರಿಯರು ಕೇಳಿದರು. ಅವರ ಮಾತಿನಲ್ಲಿ ನಿಜವಿತ್ತು. ಹುಲ್ಲು ಬಾಡುತ್ತದೆ ಎಂದು ಆರು ವಾರ ಹೇಳಿ, ದೇವರ ಮಾತು ಎಂದೆಂದಿಗೂ ಉಳಿಯುತ್ತದೆ ಎಂಬುದನ್ನು ಕಡೆಯ ಹತ್ತು ನಿಮಿಷಕ್ಕೆ ಬಿಟ್ಟರೆ ಕೇಳುವವರ ಎದೆಯಲ್ಲಿ ಭಯವಷ್ಟೇ ಉಳಿಯುತ್ತದೆ.

ತೊಂಬತ್ತನೆಯ ಕೀರ್ತನೆ ಆ ಕ್ರಮದಲ್ಲಿ ಇಲ್ಲವೇ ಇಲ್ಲ. ಅದು ತಲತಲಾಂತರಗಳಿಗೂ ದೇವರೇ ನಮ್ಮ ನಿವಾಸವೆಂದು ಮೊದಲಾಗುತ್ತದೆ, ಬಳಿಕ ಧೂಳು, ಹುಲ್ಲು, ಎಪ್ಪತ್ತು, ಎಂಬತ್ತು ಬರುತ್ತವೆ, ಕೊನೆಗೆ ನಮ್ಮ ಕೈಕೆಲಸವನ್ನು ಸ್ಥಿರಪಡಿಸು ಎಂದು ಎರಡು ಸಲ ಬೇಡಿ ನಿಲ್ಲುತ್ತದೆ. ಈಗ ನಮ್ಮಲ್ಲಿ ಎಣಿಕೆಗೆ ಮೊದಲು ನಿವಾಸ, ಎಣಿಕೆಯ ಬಳಿಕ ಕೈಕೆಲಸ ಎಂಬುದು ಕಟ್ಟಳೆ. ಹತ್ತನೆಯ ವಚನವೊಂದನ್ನೇ ಬಿಡಿಯಾಗಿ ಓದಲು ನಾನು ಯಾರಿಗೂ ಬಿಡುವುದಿಲ್ಲ.

ಕೆಲಸ ಕೈಗೂಡತೊಡಗಿದ್ದು ಸಮಾಧಿಗಳ ದಾಖಲೆ ಪುಸ್ತಕದಿಂದ. ಗೆದ್ದಲು ಹಿಡಿದಿದ್ದ ಅದನ್ನು ಸುಮಾರು 4,000 ರೂಪಾಯಿ ಕೊಟ್ಟು ಹೊಸದಾಗಿ ರಟ್ಟು ಕಟ್ಟಿಸಿ, ಹಿಂದಿನ ವರ್ಷಗಳಲ್ಲಿ ಅದೇ ವಾರ ತೀರಿಕೊಂಡವರ ಹೆಸರು ಮತ್ತು ವಯಸ್ಸನ್ನು ಭಾನುವಾರದ ಆರಾಧನೆಯಲ್ಲಿ ಓದಲು ತೊಡಗಿದೆವು. ಅರ್ಥವಿವರಣೆ ಬೇಡ, ಹೆಸರು ಮತ್ತು ವಯಸ್ಸು ಮಾತ್ರ. ಜ್ವರದಿಂದ ಹೋದ ಎಳೆಯ ಮಕ್ಕಳು, ಹೆರಿಗೆಯಲ್ಲಿ ಹೋದ ತಾಯಂದಿರು, ಎಂಬತ್ತು ದಾಟಿದ ಒಬ್ಬಿಬ್ಬರು. ತಮ್ಮ ಮುತ್ತಜ್ಜಿಯ ಹೆಸರು ಕೇಳಿದವರು ಆರಾಧನೆ ಮುಗಿದ ಮೇಲೆ ಪುಸ್ತಕ ನೋಡಲು ಬರತೊಡಗಿದರು. ಬೋಧನೆಗೆ ಬಾರದಿದ್ದವರು ಹೆಸರುಗಳಿಗೆ ಬಂದರು.

ಇದರ ಜೊತೆಗೆ ನಮ್ಮ ನಾಡಿಗೆ ಬಂದ, ಸ್ವಿಟ್ಜರ್ಲೆಂಡಿನ ಕ್ರೈಸ್ತ ಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರ ಆಯುಷ್ಯಗಳನ್ನೂ ಓದಿದೆವು. 1834ರಲ್ಲಿ ಮಂಗಳೂರಿಗೆ ಬಂದಿಳಿದಾಗ ಸ್ಯಾಮುವೆಲ್ ಹೆಬಿಕ್‌ಗೆ ಮೂವತ್ತೊಂದರ ವಯಸ್ಸು. ಗಾಟ್‌ಫ್ರೀಡ್ ವೈಗ್ಲೆ 1855ರಲ್ಲಿ ನಲವತ್ತು ತುಂಬುವ ಮೊದಲೇ ತೀರಿಕೊಂಡರು. ಫರ್ಡಿನೆಂಡ್ ಕಿಟ್ಟೆಲ್ 1853ರಲ್ಲಿ ಇಪ್ಪತ್ತೊಂದರ ಹರೆಯದಲ್ಲಿ ಬಂದರು. ಅವರ ಮೊದಲ ಹೆಂಡತಿ ಮದುವೆಯಾದ ಕೆಲವೇ ವರ್ಷಗಳಲ್ಲಿ ತೀರಿಹೋದರು. ನಿಘಂಟು ಅಚ್ಚಾಗಿ ಹೊರಬಂದದ್ದು 1894ರಲ್ಲಿ, ಕಿಟ್ಟೆಲರಿಗೆ ಅರವತ್ತೆರಡಾದಾಗ. ಬಂದ ಹೊಸದರಲ್ಲೇ ಅವರು ಹೋಗಿಬಿಟ್ಟಿದ್ದರೆ ಆ ಪುಸ್ತಕವಿಲ್ಲ. ವೈಗ್ಲೆಯವರಿಗೆ ಕಿಟ್ಟೆಲರಷ್ಟು ದಿನಗಳು ಸಿಕ್ಕಿದ್ದರೆ ಏನೇನಾಗುತ್ತಿತ್ತೋ ಯಾರು ಬಲ್ಲರು? ಇಬ್ಬರೂ ತಮಗೆ ಸಿಕ್ಕ ದಿನಗಳಲ್ಲಿ ಕೈಕೆಲಸ ಮಾಡಿದರು. ಕೈಕೆಲಸವನ್ನು ಸ್ಥಿರಪಡಿಸು ಎಂಬ ಹದಿನೇಳನೆಯ ವಚನವನ್ನು ನಮ್ಮ ಶಾಲಾ ಉಪಾಧ್ಯಾಯರು ಹಿಡಿದುಕೊಂಡದ್ದು ಆ ದಿನವೇ.

ಹೆಸರು ಓದುವುದು ಮನಸ್ಸನ್ನು ಮೆದುಗೊಳಿಸುತ್ತದೆ, ಆದರೆ ಕೈಯನ್ನು ಅಲುಗಾಡಿಸುವುದಿಲ್ಲ. ಅದಕ್ಕೆ ಯೆಶಾಯನ ಮೂವತ್ತೆಂಟನೆಯ ಅಧ್ಯಾಯ ಬೇಕಾಯಿತು. ನೀನು ಸಾಯುವೆ, ನಿನ್ನ ಮನೆಯ ವ್ಯವಸ್ಥೆ ಮಾಡಿಕೋ ಎಂದು ಕಾಯಿಲೆ ಬಿದ್ದ ಯೆಹೂದದ ಅರಸ ಹಿಜ್ಕೀಯನಿಗೆ ಹೇಳಿಕಳುಹಿಸಲಾಯಿತು. ಅವನು ಅತ್ತು ಪ್ರಾರ್ಥಿಸಿದ ಮೇಲೆ ಹದಿನೈದು ವರ್ಷಗಳು ಕೂಡಿಬಂದವು. ಬೆಳೆಹಬ್ಬದ ಬಳಿಕ ಪ್ರತಿ ಕುಟುಂಬದೊಂದಿಗೆ ಒಂದು ಸಂಜೆ ಕುಳಿತು ಆ ಮನೆಯ ವ್ಯವಸ್ಥೆಯನ್ನು ಬರೆಯುವುದು ಈಗಿನ ಕ್ರಮ. ಮಾತನಾಡದೆ ಉಳಿದ ಬಂಧುಗಳು ಯಾರು, ಕೊಡಬೇಕಾದ ಮತ್ತು ಬರಬೇಕಾದ ಸಾಲವೆಷ್ಟು, ವಿಲ್ ಆಗಿದೆಯೇ, ಸಮಾಧಿ ಹೇಗೆ ಆಗಬೇಕು, ಇಷ್ಟೇ. ಮೊದಲನೆಯದನ್ನು, ಕಾಣಿಕೆಗೆ ಮುಂಚೆ ಸಹೋದರನೊಡನೆ ಸಮಾಧಾನವಾಗು ಎನ್ನುವ ಮತ್ತಾಯನ ಐದನೆಯ ಅಧ್ಯಾಯದಂತೆ, ಮುಂದಿನ ಕರ್ತನ ಭೋಜನದೊಳಗೆ, ಅಂದರೆ ಸಭೆಯವರು ರೊಟ್ಟಿ ಮತ್ತು ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆಯೊಳಗೆ ಮುಗಿಸಲೇಬೇಕು. ಮನೆಗೆ ಹೋದ ಕೂಡಲೇ ನಾನು ಕೇಳುವ ಮೊದಲ ಪ್ರಶ್ನೆಯನ್ನು ಇಲ್ಲಿ ಬರೆಯುವುದಿಲ್ಲ; ಮುಂಚೆಯೇ ಗೊತ್ತಿದ್ದರೆ ಜನ ಉತ್ತರವನ್ನು ಸಿದ್ಧಮಾಡಿ ಇಟ್ಟುಕೊಳ್ಳುತ್ತಾರೆ. ಮುನಿಸಿಕೊಂಡ ಅಣ್ಣತಮ್ಮಂದಿರನ್ನು ಒಂದೇ ಮೇಜಿಗೆ ತರುವ ಬಗೆಯನ್ನೂ ಬಂದು ಜೊತೆಯಲ್ಲಿ ಕುಳಿತವರಿಗೆ ಮಾತ್ರ ತೋರಿಸುತ್ತೇನೆ. ವರ್ಷಗಟ್ಟಲೆ ಕೋರ್ಟಿನಲ್ಲಿದ್ದ ಜಾಗದ ದಾವೆಗಳಲ್ಲಿ ಕೆಲವು ಈ ಸಂಜೆಗಳ ನಂತರ ಹಿಂದಕ್ಕೆ ಪಡೆಯಲ್ಪಟ್ಟಿವೆ. ವಕೀಲರಿಂದ ಆಗದ ಕೆಲಸ ಇದು ಎಂದು ಹೇಳಲು ನನಗೆ ಸಂಕೋಚವಿಲ್ಲ.

ಹಣದ ಮಾತು. ಸಾವಿನ ಮನೆಯಲ್ಲಿ ಪೆಟ್ಟಿಗೆ, ಊಟ, ಗ್ರಾನೈಟ್ ಕಲ್ಲು ಎಂದು ಅರವತ್ತು ಎಪ್ಪತ್ತು ಸಾವಿರ ರೂಪಾಯಿ ಸಾಲ ಮಾಡಿದ ಕುಟುಂಬಗಳನ್ನು ನಾನು ಬಲ್ಲೆ. ಆದುದರಿಂದ ಮನೆಗೆ ತಿಂಗಳಿಗೆ 50 ರೂಪಾಯಿಯಂತೆ ಒಂದು ನಿಧಿ ಕಟ್ಟಿದೆವು. ಸುಮಾರು 140 ಮನೆಗಳಿಂದ ವರ್ಷಕ್ಕೆ 80,000 ರೂಪಾಯಿ ದಾಟುತ್ತದೆ. ಸಾದಾ ಮರದ ಪೆಟ್ಟಿಗೆ ಮತ್ತು ಹೊಂಡ ತೋಡುವವರ ಕೂಲಿ ಸೇರಿ ಒಂದು ಸಮಾಧಿಗೆ 7,000 ರೂಪಾಯಿಯಾದರೂ ಹತ್ತು ಹನ್ನೊಂದು ಸಮಾಧಿಗಳಿಗೆ ಸಾಲುತ್ತದೆ. ಮೊದಲ ವರ್ಷದ ಮಳೆಗಾಲದಲ್ಲಿ ಸಾವುಗಳು ಹೆಚ್ಚಾಗಿ ನಿಧಿ ಬರಿದಾಯಿತು, ಖಜಾಂಚಿಯವರು ತಾವು ಮೊದಲೇ ಹೇಳಿರಲಿಲ್ಲವೇ ಎಂದರು. ಬೆಳೆಹಬ್ಬದ ಏಲಂನಿಂದ ಆ ಕೊರತೆ ತುಂಬಿತು. ಬಡವರಿಗೂ ಶ್ರೀಮಂತರಿಗೂ ಒಂದೇ ಪೆಟ್ಟಿಗೆ ಎಂಬ ನಿಯಮಕ್ಕೆ ಬಂದ ವಿರೋಧ ಇದಕ್ಕಿಂತ ಹೆಚ್ಚಿನದು. ಜರ್ಮನಿಯ ಹೆರ್ನ್‌ಹುಟ್‌ನ ಮೊರಾವಿಯನ್ ಸಭೆಯವರ ಸಮಾಧಿ ಸ್ಥಳದಲ್ಲಿ ಎಲ್ಲರ ಕಲ್ಲುಗಳೂ ನೆಲಕ್ಕೆ ಮಲಗಿದ ಒಂದೇ ಬಗೆಯವು, ಈಸ್ಟರ್ ಎಂಬ ಪುನರುತ್ಥಾನದ ಹಬ್ಬದ ನಸುಕಿನಲ್ಲಿ 1732ರಿಂದ ಅವರು ಅಲ್ಲಿ ಕೂಡಿ ಹಾಡುತ್ತಾರೆ ಎಂದು ತಿಳಿಸಿದ ಮೇಲೆ ಕೆಲವರು ಒಪ್ಪಿದರು, ಉಳಿದವರು ನಿಧಾನವಾಗಿ ಬಂದರು.

ನಡುವೆ ಭಾನುವಾರ ಶಾಲೆಯಲ್ಲಿ ಹುಣಸೆ ಬೀಜಗಳ ಪ್ರಯೋಗವೊಂದನ್ನೂ ಮಾಡಿದೆವು. ಭರಣಿಯಿಂದ ವಾರಕ್ಕೊಂದು ಬೀಜ ತೆಗೆದು, ಆ ವಾರ ಯಾರಿಗಾದರೂ ಮಾಡಿದ ಒಂದು ಉಪಕಾರದ ಹೆಸರಿನಲ್ಲಿ ಇನ್ನೊಂದು ಭರಣಿಗೆ ಹಾಕಬೇಕು. ಹೋದವುಗಳನ್ನು ಬಿಟ್ಟು ತುಂಬುತ್ತಿರುವ ಭರಣಿಯನ್ನೇ ಮಕ್ಕಳು ನೋಡಿದರು. ದೊಡ್ಡವರ ಪಟ ಸೋತಲ್ಲಿ ಇದು ಗೆದ್ದಿತು.

ವಿಲ್‌ನ ಬಗ್ಗೆ ಒಂದಿಷ್ಟು ಬರೆಯಲೇಬೇಕು, ಏಕೆಂದರೆ ನಮ್ಮವರಲ್ಲಿ ಅನೇಕರು ಅಕ್ಕಪಕ್ಕದ ಬೇರೆ ಧರ್ಮದವರ ನಿಯಮಗಳನ್ನೇ ತಮ್ಮವೆಂದು ತಿಳಿದಿರುತ್ತಾರೆ. ನಮಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ. ವಿಲ್ ಇಲ್ಲದೆ ಗಂಡ ತೀರಿಕೊಂಡರೆ ಹೆಂಡತಿಗೆ ಮೂರನೆಯ ಒಂದು ಪಾಲು, ಉಳಿದದ್ದು ಗಂಡುಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೆ ಸಮವಾಗಿ. ವಿಲ್ ಬರೆಯಲು ಸ್ಟ್ಯಾಂಪ್ ಕಾಗದ ಬೇಡ, ನೋಂದಣಿಯೂ ಕಡ್ಡಾಯವಲ್ಲ. ಇಬ್ಬರು ಸಾಕ್ಷಿಗಳ ರುಜು ಬೇಕು. ಆಸ್ತಿ ಪಡೆಯುವವರಾಗಲಿ ಅವರ ಗಂಡ ಅಥವಾ ಹೆಂಡತಿಯಾಗಲಿ ಸಾಕ್ಷಿ ಹಾಕಿದರೆ ಅವರ ಪಾಲು ರದ್ದಾಗುತ್ತದೆ, ಆದುದರಿಂದ ನಾವು ಬೇರೆ ಮನೆಯ ಇಬ್ಬರನ್ನು ಜೊತೆಗೆ ಕರೆದೊಯ್ಯುತ್ತೇವೆ. ವಿಲ್ ಬರೆದ ಮೇಲೆ ಮದುವೆಯಾದರೆ ಹಳೆಯದು ಬಿದ್ದುಹೋಗುತ್ತದೆ. ಮರುಮದುವೆಯಾದವರ ಮನೆಗೆ ಎರಡನೆಯ ಸಲ ಹೋಗಬೇಕಾಗುತ್ತದೆ. ಮೂರರಲ್ಲಿ ಎರಡು ಪಾಲು ಮನೆಗಳಲ್ಲಿ ಈಗ ವಿಲ್ ಇದೆ. ಉಳಿದವುಗಳಲ್ಲಿ ಹೆಚ್ಚಿನವು ದುಡಿಯುವವರು ಕೊಲ್ಲಿ ದೇಶಗಳಲ್ಲಿರುವ ಮನೆಗಳು. ಅವರೊಂದಿಗೆ ಫೋನಿನಲ್ಲಿ ಕೀರ್ತನೆ ಓದಿ ಪ್ರಾರ್ಥಿಸಿ ನೋಡಿದ್ದೇವೆ, ಮಾತು ಚೆನ್ನಾಗಿಯೇ ನಡೆಯುತ್ತದೆ, ಆದರೆ ರುಜುವಿಗೆ ಸಾಕ್ಷಿಗಳು ಎದುರಿಗಿರಬೇಕು. ಈ ವರ್ಷದಿಂದ ಅವರ ಮನೆಗಳ ಸಂಜೆಯನ್ನು ಕ್ರಿಸ್ಮಸ್ ರಜೆಗೆ ಅವರು ಊರಿಗೆ ಬರುವ ವಾರಕ್ಕೆ ಇಟ್ಟುಕೊಂಡಿದ್ದೇವೆ.