ಕೆರೆ ಹಸಿರಾಯಿತೇ? ಮೈಲುತುತ್ತಕ್ಕೆ ಮೊದಲು ಬಾಟಲಿ ತನ್ನಿ

ಶಿಲೀಂಧ್ರ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತ (ತಾಮ್ರದ ಸಲ್ಫೇಟ್) ಕೊಡಗಿನ ಕಾಫಿ ತೋಟಗಳಲ್ಲಿ ಹೇಗೂ ಮಿಕ್ಕಿರುತ್ತದೆ. ಸ್ಪ್ರಿಂಕ್ಲರ್ ಹೊಡೆದು ಕೆರೆ ಇಳಿದು, ನೀರು ಹಸಿರಾದ ಕೂಡಲೇ ಅದನ್ನು ಸುರಿದುಬಿಡುತ್ತಾರೆ. ಆಮೇಲೆ ಮೀನು ಹೊಟ್ಟೆ ಮೇಲಾಗಿ ತೇಲುವುದನ್ನು ಎರಡು ತೋಟಗಳಲ್ಲಿ ನೋಡಿದ್ದೇನೆ. ಒಳಗಿರುವ ಪಾಚಿ ಯಾವುದು ಅಂತ ಮೊದಲು ತಿಳಿಯಬೇಕು, ಅಲ್ವಾ?

1. ಕೈಗವಸು ಹಾಕಿ, ಗಾಜಿನ ಬಾಟಲಿಯಲ್ಲಿ ನೀರು ತೆಗೆಯಿರಿ. ದಡದ ಕೆನೆ ಬೇಡ, ಅದು ಗಾಳಿ ತಳ್ಳಿ ತಂದದ್ದು. ಬಟ್ಟೆಯಲ್ಲಿ ಸೋಸಲೂಬೇಡಿ. 2 ಮೈಕ್ರಾನ್‌ಗಿಂತ ಚಿಕ್ಕ ಪಾಚಿಗಳಿವೆ, ಎಲ್ಲ ಜಾರಿಹೋಗುತ್ತವೆ.

2. ಎಲ್ಲರೂ ಕೆಡಿಸುವುದು ಇಲ್ಲೇ. ಬಾಟಲಿಯನ್ನು ಮುಕ್ಕಾಲು ಮಾತ್ರ ತುಂಬಿ, 'ಕುಡಿಯಬೇಡಿ' ಎಂದು ಬರೆದು, ಒಂದು ರಾತ್ರಿ ಫ್ರಿಜ್ಜಿನಲ್ಲಿಡಿ. ತೇಲುವ ಪಾಚಿ ಮೇಲೆ, ಮುಳುಗುವುದು ಕೆಳಗೆ ಬೇರಾಗಬೇಕು. ಗಂಟೆಗೊಮ್ಮೆ ತೆಗೆದು ಅಲುಗಿಸಿದರೆ ಕಥೆ ಮುಗಿಯಿತು. ಕಿಟಕಿಯ ಬಿಸಿಲಲ್ಲಿಡುವವರೂ ಇದ್ದಾರೆ. ಈಜುವ ಪಾಚಿಗಳು ಬೆಳಕಿಗೆ ಮೇಲೇರಿ ನಿಮ್ಮನ್ನು ಏಮಾರಿಸುತ್ತವೆ. ಕಂಠಮಟ್ಟ ತುಂಬಿ ಬಿರಡೆಯನ್ನು ಗುದ್ದಿ ಮುಚ್ಚಬೇಡಿ. ಮೈಕ್ರೋಸಿಸ್ಟಿಸ್‌ನಂಥ ನೀಲಿ-ಹಸಿರು ಪಾಚಿಯ ಜೀವಕೋಶದಲ್ಲಿ ಗಾಳಿ ತುಂಬಿದ ಸಣ್ಣ ಚೀಲಗಳಿರುತ್ತವೆ. ಒತ್ತಡ ಬಿದ್ದರೆ ಅವು ಕುಸಿದು ಪಾಚಿ ಮುಳುಗುತ್ತದೆ. 1895ರಲ್ಲಿ ಜರ್ಮನಿಯ ಸಸ್ಯವಿಜ್ಞಾನಿ ಕ್ಲೇಬಾನ್ ಬಿರಡೆಗೆ ಸುತ್ತಿಗೆಯಲ್ಲಿ ಹೊಡೆದೇ ಇದನ್ನು ತೋರಿಸಿದ್ದರು.

3. ಬೆಳಿಗ್ಗೆ ನೋಡಿ. ಮೇಲೆ ಹಸಿರು ಉಂಗುರ ಕಟ್ಟಿದ್ದರೆ ನೀಲಿ-ಹಸಿರು ಪಾಚಿ ಇರುವ ಸಂಭವ ಜಾಸ್ತಿ. ತಳದಲ್ಲಿ ಕಂದು ಪುಡಿ ಕೂತಿದ್ದರೆ ಡಯಾಟಮ್ ಎಂಬ ಒಂಟಿಕೋಶದ ಪಾಚಿ ಇರಬಹುದು. ಅದರ ಕವಚ ಸಿಲಿಕಾದ್ದು, ಭಾರ. ಮಳೆಗಾಲದಲ್ಲಿ ನೀರು ಕದಡುತ್ತಿದ್ದರೆ ತೇಲುತ್ತದೆ, ಬೇಸಿಗೆಯ ನಿಂತ ನೀರಿನಲ್ಲಿ ಮುಳುಗಿ ಸೋಲುತ್ತದೆ. ಆಗ ತೇಲುವವು ಮೇಲೆ ಚಪ್ಪರ ಹಾಕಿ ಕೆಳಗಿನವಕ್ಕೆ ಬೆಳಕು ತಪ್ಪಿಸುತ್ತವೆ. ಚಿಕ್ಕ ಪಾಚಿ ಗೊಬ್ಬರದ ಸಾರವನ್ನು ಬೇಗ ಹೀರಿದರೂ ನೀರುಚಿಗಟ ಎಂಬ ಪುಟ್ಟ ನೀರುಜೀವಿಯ ಬಾಯಿಗೆ ಸಲೀಸು ತುತ್ತು. ದೊಡ್ಡ ಗುಂಪು ಕಟ್ಟುವವು ನಿಧಾನ ಬೆಳೆದರೂ ಬಾಯಿಗೆ ಹಿಡಿಯುವುದಿಲ್ಲ. ರಂಜಕ ಜಾಸ್ತಿಯಿದ್ದು ಸಾರಜನಕ ಸಾಲದಿದ್ದರೆ, ಅನಬೀನಾದಂಥ ನೀಲಿ-ಹಸಿರು ಪಾಚಿಗಳು ಗಾಳಿಯಿಂದ ಬಂದ ಸಾರಜನಕವನ್ನೇ ಬಳಸಿ ಗೆಲ್ಲುತ್ತವೆ.

4. ಉಂಗುರ ಕಂಡರೆ ದನ, ನಾಯಿಗಳನ್ನು ಕೆರೆಗೆ ಬಿಡಬೇಡಿ, ನೀಲಿ-ಹಸಿರು ಪಾಚಿಯಲ್ಲಿ ವಿಷವಿರಬಹುದು. ಖಾತ್ರಿಗೆ ಮೈಕ್ರೋಸ್ಕೋಪಿನಲ್ಲಿ ನೋಡಿಸಿ. ಮೈಲುತುತ್ತ ಬೇಡವೇ ಬೇಡ. ಕೋಶ ಒಡೆದು ಒಳಗಿನ ವಿಷವೆಲ್ಲ ನೀರಿಗೆ ಸೇರುತ್ತದೆ, ಸತ್ತ ಪಾಚಿ ಕೊಳೆಯುವಾಗ ಆಮ್ಲಜನಕವೂ ಖಾಲಿ. ಡಬ್ಬದಲ್ಲಿ ಬರುವ 'ಪಾಚಿ ನಾಶಕ'ಗಳ ಚೀಟಿ ಓದಿ, ಹಲವದರಲ್ಲಿ ಇರುವುದು ಇದೇ ತಾಮ್ರ. ಗೊಬ್ಬರ ತೊಳೆದು ಬರುವ ಚರಂಡಿಯನ್ನು ಕಾಫಿ ಹೂ ಅರಳಿಸುವ ಹೂಮಳೆಗೆ ಮೊದಲೇ ಬೇರೆ ಕಡೆ ತಿರುಗಿಸಿ.