ಬೆಂಗಳೂರಿನ ಕೆರೆಗೆ ನೀರಿನ ಲೆಕ್ಕದ ಮಾದರಿ ಕಟ್ಟುವ ಕ್ರಮ

ಕೆರೆಗೆ ನೀರು ಎಲ್ಲೆಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು. ದಿಣ್ಣೆಯ ಮೇಲಿರುವ ಬೆಂಗಳೂರಿನ ಮಳೆನೀರು ಪಶ್ಚಿಮದಲ್ಲಿ ವೃಷಭಾವತಿ ಕಣಿವೆಯಿಂದ ಅರ್ಕಾವತಿಗೂ, ಪೂರ್ವದಲ್ಲಿ ಹೆಬ್ಬಾಳ ಮತ್ತು ಕೋರಮಂಗಲ–ಚಲ್ಲಘಟ್ಟ ಕಣಿವೆಗಳಿಂದ ದಕ್ಷಿಣ ಪಿನಾಕಿನಿಗೂ ಸೇರುತ್ತದೆ. ಎತ್ತರದ ದತ್ತಾಂಶದಿಂದ ಕಂಪ್ಯೂಟರ್ ಗುರುತಿಸಿಕೊಡುವ ಜಲಾನಯನದ (ಕೆರೆಗೆ ನೀರು ಹರಿದುಬರುವ ಪ್ರದೇಶದ) ಗಡಿಯನ್ನು ಹಾಗೆಯೇ ನಂಬದೆ ಸ್ಥಳದಲ್ಲಿ ನಡೆದು ನೋಡುವುದು ಒಳ್ಳೆಯದು. ರಸ್ತೆ, ಬಡಾವಣೆ ಮತ್ತು ತಿರುಗಿಸಿದ ರಾಜಕಾಲುವೆಗಳು ಅದನ್ನು ಎಷ್ಟೋ ಕಡೆ ಬದಲಿಸಿರುತ್ತವೆ.

ಲೆಕ್ಕದ ಮೂಲ ಸರಳವಾದದ್ದು. ಹಿಂದಿನ ದಿನದ ಸಂಗ್ರಹಕ್ಕೆ ಒಳಹರಿವನ್ನೂ ಕೆರೆಯ ಮೇಲೆ ನೇರವಾಗಿ ಬಿದ್ದ ಮಳೆಯನ್ನೂ ಕೂಡಿಸಿ, ಆವಿಯಾದದ್ದು, ಇಂಗಿದ್ದು ಮತ್ತು ಕೋಡಿ ಹರಿದದ್ದನ್ನು ಕಳೆಯಬೇಕು. ಯಲಹಂಕದಲ್ಲಿ ಸುರಿದ ಮಳೆ ಬೊಮ್ಮನಹಳ್ಳಿಯಲ್ಲಿ ಸುರಿದಿರಬೇಕೆಂದಿಲ್ಲವಾದ್ದರಿಂದ, ಮಳೆಯ ಅಂಕಿಗಳನ್ನು ಜಲಾನಯನದೊಳಗಿನ ಮಳೆಮಾಪಕದಿಂದಲೇ ಪಡೆಯಬೇಕು.

ಒಳಹರಿವಿಗೆ ಕರ್ವ್ ನಂಬರ್ ವಿಧಾನ ಸಾಕು. ಬಿದ್ದ ಮಳೆಯಲ್ಲಿ ಎಷ್ಟು ಇಂಗದೆ ಹರಿದುಹೋಗುತ್ತದೆ ಎಂಬುದಕ್ಕೆ ನೆಲದ ಬಗೆಯನ್ನು ನೋಡಿ ಕೊಡುವ ಸಂಖ್ಯೆಯೇ ಕರ್ವ್ ನಂಬರ್; ಅದು ಹೆಚ್ಚಿದಷ್ಟೂ ಹರಿವು ಹೆಚ್ಚು. 25400 ಅನ್ನು ಕರ್ವ್ ನಂಬರಿನಿಂದ ಭಾಗಿಸಿ 254 ಕಳೆದರೆ ನೆಲ ಹಿಡಿದಿಡಬಲ್ಲ ನೀರು ಮಿಲಿಮೀಟರುಗಳಲ್ಲಿ ಸಿಗುತ್ತದೆ. ಮಳೆಯಿಂದ ಇದರ ಶೇ. 20ನ್ನು ಕಳೆದು ವರ್ಗ ಮಾಡಿ, ಮಳೆಗೆ ಇದರ ಶೇ. 80ನ್ನು ಕೂಡಿಸಿದ ಮೊತ್ತದಿಂದ ಭಾಗಿಸಿದರೆ ಹರಿವು ದೊರೆಯುತ್ತದೆ. ಕರ್ವ್ ನಂಬರ್ 75 ಇರುವ ತೆರೆದ ನೆಲದಲ್ಲಿ 60 ಮಿ.ಮೀ. ಮಳೆಗೆ ಸುಮಾರು 14.5 ಮಿ.ಮೀ. ಹರಿಯುತ್ತದೆ; ಅದೇ ನೆಲ ಬಹುಪಾಲು ಕಾಂಕ್ರೀಟಾಗಿ ಸಂಖ್ಯೆ 90ಕ್ಕೇರಿದರೆ ಸುಮಾರು 36 ಮಿ.ಮೀ., ಅಂದರೆ ಒಂದು ಚದರ ಕಿಲೋಮೀಟರಿಗೆ 3.6 ಕೋಟಿ ಲೀಟರ್. ತೆರೆದ ನೆಲ ಹಾಗೆಯೇ ಉಳಿದು ಮಳೆ ಮಾತ್ರ ಶೇ. 10 ಹೆಚ್ಚಾದರೆ ಹರಿವು ಸುಮಾರು 18 ಮಿ.ಮೀ. ಆಗುತ್ತದೆ. ಆದ್ದರಿಂದ ಈ ಊರಿನ ಮಟ್ಟಿಗೆ ಹವಾಮಾನದ ಸನ್ನಿವೇಶಗಳಿಗೆ ಕೈಹಾಕುವ ಮೊದಲು ನೆಲದ ಬಳಕೆಯ ಬದಲಾವಣೆಯನ್ನು ಮಾದರಿಗೆ ಸೇರಿಸಲೇಬೇಕೆಂಬುದು ನನ್ನ ಅಭಿಪ್ರಾಯ.

ಮಾರ್ಚ್–ಏಪ್ರಿಲ್‌ನ ಬಿಸಿಲಿನಲ್ಲೂ ಕೆರೆಯ ಮಟ್ಟ ಇಳಿಯದಿದ್ದರೆ ಒಳಚರಂಡಿ ನೀರನ್ನೋ ಸಂಸ್ಕರಿಸಿದ ನೀರನ್ನೋ ಪ್ರತ್ಯೇಕ ಒಳಹರಿವಾಗಿ ಬರೆಯಬೇಕು. ಅದನ್ನು ಬಿಟ್ಟು ಇಂಗುವಿಕೆಯನ್ನು ತಗ್ಗಿಸಿ ಲೆಕ್ಕ ಹೊಂದಿಸಿದರೆ ಮಾದರಿ ಸರಿಯಿರುವಂತೆ ಕಂಡರೂ ಮುಂದಿನ ಸನ್ನಿವೇಶಗಳಲ್ಲಿ ಕೈಕೊಡುತ್ತದೆ.

ಪರೀಕ್ಷೆಗೆ ಒಂದಕ್ಕೊಂದು ಹೋಲದ ವರ್ಷಗಳನ್ನೇ ಆರಿಸಿಕೊಳ್ಳಬೇಕು: ಬರದ 2023ರ ಅಂಕಿಗಳಿಗೆ ಹೊಂದಿಸಿದ ಮಾದರಿಯನ್ನು, ನಗರದ ಪೂರ್ವಭಾಗ ಜಲಾವೃತವಾದ 2022ರ ಮಳೆಗಾಲದ ಮೇಲೆ ಓಡಿಸಿ ನೋಡಬೇಕು. ಅಲ್ಲಿ ಸೋತರೆ ಭವಿಷ್ಯದ ಮಾತು ಬೇಡ.

ಇದಾದ ಮೇಲೆ ಮಾದರಿಗೆ ಕೊಡುವ ಮಳೆಯ ಅಂಕಿಗಳನ್ನು ಬದಲಿಸಿ ನೋಡಬಹುದು. ತಾಪಮಾನ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿ ಸುಮಾರು ಶೇ. 7ರಷ್ಟು ಹೆಚ್ಚು ತೇವಾಂಶ ಹಿಡಿಯಬಲ್ಲುದರಿಂದ, ವಾರ್ಷಿಕ ಮೊತ್ತ ಅಷ್ಟೇ ಇದ್ದು ಬಿರುಮಳೆ ಹೆಚ್ಚುವ ಸನ್ನಿವೇಶವನ್ನೂ ಪರಿಶೀಲಿಸಬೇಕು. ಇದಕ್ಕೆ ದಿನದ ಲೆಕ್ಕ ಸಾಲದು. ನಗರದ ಕಾಲುವೆಗಳಲ್ಲಿ ಮಳೆನೀರಿನ ಹರಿವನ್ನು ಲೆಕ್ಕಹಾಕುವ, ಉಚಿತವಾಗಿ ಸಿಗುವ ಎಸ್‌ಡಬ್ಲ್ಯುಎಂಎಂ ತಂತ್ರಾಂಶದಲ್ಲಿ 15 ನಿಮಿಷಕ್ಕೊಮ್ಮೆ ಅಳೆದ ಮಳೆಯ ಅಂಕಿಗಳನ್ನು ಕೊಟ್ಟು, ಯಾವ ರಾಜಕಾಲುವೆ ಮೊದಲು ಉಕ್ಕುತ್ತದೆ ಎಂಬುದನ್ನು ನೋಡಿ, ಫಲಿತಾಂಶವನ್ನು ಒಂದೇ ಅಂಕಿಯಾಗಿ ಬರೆಯದೆ ಕನಿಷ್ಠ–ಗರಿಷ್ಠ ಮಿತಿಗಳೊಂದಿಗೆ ದಾಖಲಿಸಬೇಕು.